ನಿರಾಶೆ ಮಾಡಿದ ನಾಲ್ಕು ಮೆಟಲ್‌ಕೋರ್ ಆಲ್ಬಂ: ಕಾಸರಗೋಡಿನಿಂದ ಮಂಗಳೂರು ಮುಟ್ಟುವುದರೊಳಗೆ ಯಾವುದನ್ನು ಕೇಳಬಹುದು?

ನನ್ನ ಚಿಕ್ಕಪ್ಪನ ಮಗ ದಿನಾ ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಕಾಲೇಜಿಗೆ ಹೋಗುವವ. ಅವನಿಗೆ ಮೆಟಲ್‌ಕೋರ್ ಹುಚ್ಚು ಹಿಡಿಸಿದ್ದು ನಾನೇ, ಈಗ ಅನುಭವಿಸುತ್ತಿರುವುದೂ ನಾನೇ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜು ಬಂತು. "ಅಣ್ಣಾ, ನೀನು ಹೇಳಿದ ಒಳ್ಳೆ ಆಲ್ಬಂ ಎಲ್ಲ ಮುಗಿದವು. ಇನ್ನು ಎಲ್ರೂ ಬೈಯುವ ಆಲ್ಬಂ ಹೇಳು. ಯಾವುದು ನಿಜವಾಗ್ಲೂ ಕೆಟ್ಟದು, ಯಾವುದಕ್ಕೆ ಸುಮ್ನೆ ಬೈದಿದ್ದಾರೆ?"

ಎರಡು ಸಾಲಿನಲ್ಲಿ ಉತ್ತರ ಕೊಡೋಣ ಅಂತ ಕೂತೆ. ಆಗಲಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ, ಅವನ ಹಾಗೆ ಕೇಳುವವರು ಇನ್ನೂ ನಾಲ್ಕು ಜನ ಇರಬಹುದು.

ನಾನು ಆರಿಸಿಕೊಂಡದ್ದು ನಾಲ್ಕು. ಟ್ರಿವಿಯಂನ 'ದ ಕ್ರುಸೇಡ್' (2006), ಬುಲೆಟ್ ಫಾರ್ ಮೈ ವ್ಯಾಲೆಂಟೈನ್‌ನ 'ಟೆಂಪರ್ ಟೆಂಪರ್' (2013), ಬ್ರಿಂಗ್ ಮಿ ದ ಹೊರೈಜನ್‌ನ 'ಆಮೊ' (2019), ಮತ್ತೆ ಆರ್ಕಿಟೆಕ್ಟ್ಸ್‌ನ 'ದ ಕ್ಲಾಸಿಕ್ ಸಿಂಪ್ಟಮ್ಸ್ ಆಫ್ ಎ ಬ್ರೋಕನ್ ಸ್ಪಿರಿಟ್' (2022). ನಾಲ್ಕೂ ಬ್ಯಾಂಡುಗಳು ಅದಕ್ಕೂ ಮೊದಲು ತಲೆ ಮೇಲೆ ಹೊತ್ತು ಮೆರೆಸುವಂಥ ಆಲ್ಬಂ ಕೊಟ್ಟಿದ್ದವು. ಇಲ್ಲದಿದ್ದರೆ ನಿರಾಶೆ ಎಲ್ಲಿಂದ ಬರಬೇಕು? ನಿರೀಕ್ಷೆಯೇ ಇಲ್ಲದ ಬ್ಯಾಂಡು ಕೆಟ್ಟ ಆಲ್ಬಂ ಮಾಡಿದರೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಮೆಟಲ್‌ಕೋರ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಹಾರ್ಡ್‌ಕೋರ್ ಪಂಕ್‌ನ ಸಿಟ್ಟು, ಮೆಟಲ್‌ನ ಗಿಟಾರು, ಇವೆರಡನ್ನು ಕಲಸಿದರೆ ಬರುವುದು ಇದು. ಗಂಟಲು ಹರಿಯುವ ಹಾಗೆ ಕಿರುಚುವುದು, ಪಲ್ಲವಿಗೆ ಬಂದಾಗ ಸ್ವಚ್ಛ ದನಿಯಲ್ಲಿ ಹಾಡುವುದು, ಆಮೇಲೆ ಬ್ರೇಕ್‌ಡೌನ್. ಬ್ರೇಕ್‌ಡೌನ್ ಅಂದರೆ ವೇಗ ಇಳಿದು ಗಿಟಾರು ಮತ್ತು ಕಾಲಿನಲ್ಲಿ ಒದೆಯುವ ಡಬಲ್ ಬಾಸ್ ಡ್ರಮ್ಮು ಒಂದೇ ಪೆಟ್ಟಿಗೆ ಒಟ್ಟಿಗೆ ಬೀಳುವ ಜಾಗ. ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಆಟದಲ್ಲಿ ಚೆಂಡೆಯ ಬಿಡ್ತಿಗೆಯ ಪೆಟ್ಟುಗಳಿಗೆ ಕಾಯದವರು ಯಾರಿದ್ದಾರೆ? ಕಿರುಚುವುದೂ ಹೊಸದೇನಲ್ಲ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವ ಮೊದಲೇ ವೇಷ ಕಟ್ಟುವ ಚೌಕಿಯಿಂದ ಆರ್ಭಟೆ ಕೇಳಬೇಕು, ನಿದ್ದೆ ತೂಗುತ್ತಿದ್ದ ಮಕ್ಕಳು ಅಮ್ಮನ ಸೆರಗು ಹಿಡಿಯಬೇಕು. ಆರ್ಭಟೆ ಇಲ್ಲದೆ ಬಣ್ಣದ ವೇಷ ಮೆಲ್ಲನೆ ನಡೆದುಕೊಂಡು ಬಂದು ಮಾತಾಡಲು ಶುರು ಮಾಡಿದರೆ ಹೇಗಿರುತ್ತದೆ? ಈ ನಾಲ್ಕು ಆಲ್ಬಂ ಬಂದಾಗ ಅಭಿಮಾನಿಗಳಿಗೆ ಹೆಚ್ಚುಕಡಿಮೆ ಅದೇ ಆದದ್ದು.

ಆದರೆ ಒಂದು ವಿಷಯ. ಆರ್ಭಟೆ ಬಿಟ್ಟದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ಬಿಟ್ಟ ಜಾಗದಲ್ಲಿ ಏನು ತಂದು ಇಟ್ಟರು ಅನ್ನುವುದು ನನ್ನ ಪ್ರಶ್ನೆ. ನಾಲ್ಕನ್ನೂ ಇದೇ ಒಂದು ಪ್ರಶ್ನೆ ಹಿಡಿದು ಕೇಳಿ ನೋಡಿದೆ.

ಮೊದಲು ಬೇಗ ಮುಗಿಯುವುದನ್ನು ಮುಗಿಸುತ್ತೇನೆ. 'ಟೆಂಪರ್ ಟೆಂಪರ್' ಬೇಡ. ಬುಲೆಟ್ ಫಾರ್ ಮೈ ವ್ಯಾಲೆಂಟೈನ್ ವೇಲ್ಸ್‌ನ ಬ್ರಿಜೆಂಡ್ ಊರಿನವರು. 2005ರ 'ದ ಪಾಯ್ಸನ್' ಆಲ್ಬಂನಿಂದಲೇ ನಮ್ಮಲ್ಲಿ ಅರ್ಧ ಜನ ಮೆಟಲ್‌ಕೋರ್‌ಗೆ ಬಂದದ್ದು, ನನ್ನನ್ನೂ ಸೇರಿಸಿ. ಮಂಗಳೂರಿಗೆ ಹೋದಾಗ ಯಾರದ್ದೋ ಪೆನ್‌ಡ್ರೈವಿನಿಂದ ತುಂಬಿಸಿಕೊಂಡು ಬಂದದ್ದು ಇನ್ನೂ ನೆನಪಿದೆ. ಅಂಥ ಬ್ಯಾಂಡು ಎಂಟು ವರ್ಷದ ಮೇಲೆ ಹನ್ನೊಂದು ಹಾಡು ಮಾಡಿತು, ಅದರಲ್ಲಿ ಒಂದು ಹಾಡಿನ ಹೆಸರು 'ಟಿಯರ್ಸ್ ಡೋಂಟ್ ಫಾಲ್ ಪಾರ್ಟ್ 2'. ತಮ್ಮದೇ ಅತಿ ಜನಪ್ರಿಯ ಹಾಡಿಗೆ ಎರಡನೇ ಭಾಗ! ಸಿನಿಮಾದವರಾದರೂ ಕತೆ ಉಳಿದಿದ್ದರೆ ಮಾತ್ರ ಎರಡನೇ ಭಾಗ ತೆಗೆಯುತ್ತಾರೆ, ಅಲ್ವಾ? (ಸರಿ, ಈಗ ಅವರೂ ಹಾಗೇನಿಲ್ಲ.) ಇಲ್ಲಿ ಕಿರುಚುವುದು ಕಡಿಮೆ, ಅದರ ಜಾಗದಲ್ಲಿ ಹೊಸದೇನೂ ಇಲ್ಲ. ರಿಫ್ಫುಗಳು, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳು, ಅರ್ಧ ಬೆಂದ ಕುಚ್ಚಲಕ್ಕಿ ಹಾಗೆ. ಮೂರು ಸಲ ಕೇಳಿದ್ದೇನೆ, ಮೂರೂ ಸಲ ಆರನೇ ಹಾಡಿನ ಹೊತ್ತಿಗೆ ಬೇರೆ ಏನೋ ಯೋಚನೆ ಮಾಡುತ್ತಿದ್ದೆ. 2015ರಲ್ಲಿ ಅವರೇ 'ವೆನಮ್' ಮಾಡಿ ಹಳೆಯ ಗಡಸುತನಕ್ಕೆ ವಾಪಸ್ ಹೋದರು. ನೀವೂ ಸೀದಾ ಅಲ್ಲಿಗೇ ಹೋಗಿ.

ಇನ್ನು 'ದ ಕ್ರುಸೇಡ್'. ಟ್ರಿವಿಯಂ ಅಮೆರಿಕದ ಫ್ಲಾರಿಡಾದವರು. 2005ರ ಮಾರ್ಚ್‌ನಲ್ಲಿ 'ಅಸೆಂಡೆನ್ಸಿ' ಬಂದಾಗ ಹಾಡುಗಾರ ಮ್ಯಾಟ್ ಹೀಫಿಗೆ ವಯಸ್ಸು ಹತ್ತೊಂಬತ್ತು. ಹತ್ತೊಂಬತ್ತು! ಆ ವಯಸ್ಸಿನಲ್ಲಿ ನಾನು ಪಿಯುಸಿ ಲೆಕ್ಕದ ಪೇಪರಿನ ಜೊತೆ ಎರಡನೇ ಸಲ ಗುದ್ದಾಡುತ್ತಿದ್ದೆ. ಮರುವರ್ಷ ಅಕ್ಟೋಬರಿನಲ್ಲಿ 'ದ ಕ್ರುಸೇಡ್' ಬಂತು. ಕಿರುಚುವುದನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟಿದ್ದರು. ಹೀಫಿಯ ದನಿ ಮೆಟಾಲಿಕಾ ಬ್ಯಾಂಡಿನ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ದನಿಯ ಹಾಗೆ, ಪದದ ಕೊನೆಯನ್ನು ಎಳೆಯುವ ರೀತಿಯೂ ಹಾಗೆಯೇ. ಎಲ್ಲರೂ ನಕಲು ಎಂದರು. ನಾನೂ ಅಂದೆ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಸಲಿ ಮೆಟಾಲಿಕಾವನ್ನೇ ಕೆಸರಿನಲ್ಲಿ ನಿಂತು ಕೇಳಿ ಬಂದ ಮೇಲಂತೂ ಇದನ್ನು ಮುಟ್ಟಲೇ ಇಲ್ಲ.

ಹೋದ ವರ್ಷ ಮತ್ತೆ ಹಾಕಿದೆ. ನನ್ನ ಅಭಿಪ್ರಾಯ ಅರ್ಧ ಬದಲಾಯಿತು. ಅರ್ಧ ಮಾತ್ರ. ಗಿಟಾರು ಕೇಳಿ, ಕಿರುಚಾಟ ಬಿಟ್ಟ ಜಾಗವನ್ನೆಲ್ಲ ಗಿಟಾರಿಗೆ ಬಿಟ್ಟುಕೊಟ್ಟಿದ್ದಾರೆ. ಕೊನೆಯಲ್ಲಿ ಆಲ್ಬಂನ ಹೆಸರಿನದೇ ಒಂದು ಉದ್ದ ಹಾಡಿದೆ, ಮಾತೇ ಇಲ್ಲ, ಬರೀ ವಾದ್ಯ. ಇಪ್ಪತ್ತರ ಹುಡುಗರು ಕಲಿತದ್ದನ್ನೆಲ್ಲ ಒಂದೇ ದಿನ ತೋರಿಸಬೇಕು ಅಂತ ಹಟ ಹಿಡಿದಂತಿದೆ, ಆ ಹಟ ನನಗೆ ಇಷ್ಟವಾಯಿತು. ಸಾಹಿತ್ಯವೂ ಬರೀ ಎದೆಗುದಿಯಲ್ಲ. ಒಂದು ಹಾಡು 1999ರಲ್ಲಿ ನ್ಯೂಯಾರ್ಕ್ ಪೊಲೀಸರು 41 ಗುಂಡು ಹಾರಿಸಿ ಕೊಂದ ಅಮಾಡು ಡಿಯಾಲೊ ಬಗ್ಗೆ. ಆತನ ಕೈಯಲ್ಲಿ ಆಯುಧವೇ ಇರಲಿಲ್ಲ. ಇನ್ನೊಂದು ಮ್ಯಾಥ್ಯೂ ಶೆಪರ್ಡ್ ಎಂಬ ಹುಡುಗನ ಕೊಲೆಯ ಬಗ್ಗೆ. ತೊಂದರೆ ಏನೆಂದರೆ ಉದ್ದ ಜಾಸ್ತಿ. ಹದಿಮೂರು ಹಾಡು, ಹತ್ತಿರ ಹತ್ತಿರ ಒಂದು ಗಂಟೆ. ಕಾಸರಗೋಡಿನಲ್ಲಿ ಶುರು ಮಾಡಿದರೆ ಮಂಗಳೂರು ಸೆಂಟ್ರಲ್ ಬಂದರೂ ಮುಗಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನೇತ್ರಾವತಿ ಸೇತುವೆಯ ಹತ್ತಿರ ಸಿಗ್ನಲಿಗೆ ನಿಲ್ಲಿಸಿದರೆ ಮಾತ್ರ ಆ ಕೊನೆಯ ಉದ್ದ ಹಾಡಿಗೆ ಪುರುಸೊತ್ತು ಸಿಗುತ್ತದೆ.

ಈಗ 'ಆಮೊ'. ಇದರ ವಿಷಯದಲ್ಲಿ ಜಗಳಕ್ಕೆ ನಾನು ತಯಾರು.

ಬ್ರಿಂಗ್ ಮಿ ದ ಹೊರೈಜನ್ ಇಂಗ್ಲೆಂಡಿನ ಶೆಫೀಲ್ಡ್‌ನವರು. 2006ರಲ್ಲಿ ಮೊದಲ ಆಲ್ಬಂ ಬಂದಾಗ ಡೆತ್‌ಕೋರ್, ಅಂದರೆ ಹಂದಿ ಕೂಗಿದ ಹಾಗೆ. 2013ರ 'ಸೆಂಪಿಟರ್ನಲ್' ಹೊತ್ತಿಗೆ ಕೀಬೋರ್ಡಿನ ಜಾರ್ಡನ್ ಫಿಶ್ ಸೇರಿ, ಕಿರುಚಾಟ ಮತ್ತು ಇಂಪು ಎರಡೂ ಸರಿಯಾದ ಹದಕ್ಕೆ ಬಂದಿತ್ತು. 2015ರಲ್ಲಿ ಇನ್ನಷ್ಟು ಮೆತ್ತಗಾದರು. 2019ರ ಜನವರಿಯಲ್ಲಿ 'ಆಮೊ' ಬಂದಾಗ ಹಳೆಯ ಅಭಿಮಾನಿಗಳು ತಲೆ ಚಚ್ಚಿಕೊಂಡರು. ಪಾಪ್ ಹಾಡು, ಡಾನ್ಸ್ ಬೀಟು, ಗ್ರೈಮ್ಸ್ ಎಂಬ ಎಲೆಕ್ಟ್ರಾನಿಕ್ ಗಾಯಕಿ, ಬಾಯಲ್ಲೇ ಬೀಟು ಹಾಕುವ ರಾಹ್ಜೆಲ್. ಬ್ಲ್ಯಾಕ್ ಮೆಟಲ್‌ ಕಡೆಯಿಂದ ಡ್ಯಾನಿ ಫಿಲ್ತ್ ಬಂದದ್ದೊಂದೇ ಸಮಾಧಾನ. ಆದರೂ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು.

ನಾನೂ ಬೈದಿದ್ದೆ. ಆದರೆ ಈ ಆಲ್ಬಂ ಜಾರಿ ಬಿದ್ದದ್ದಲ್ಲ, ಬೇಕೆಂದೇ ಆ ದಾರಿ ಹಿಡಿದದ್ದು. ಹದಿಮೂರು ಹಾಡಿನಲ್ಲಿ ಹನ್ನೆರಡನೆಯದರ ಹೆಸರು 'ಹೆವಿ ಮೆಟಲ್'. ಇದು ಹೆವಿ ಮೆಟಲ್ಲೇ ಅಲ್ಲ ಎಂದು ಗೊಣಗುವ ಅಭಿಮಾನಿಗಳನ್ನೇ ಅದರಲ್ಲಿ ಗೇಲಿ ಮಾಡಿದ್ದಾರೆ. ಹಾಡು ಮುಗಿಯಿತು ಅನ್ನುವಾಗ ಒಂದೆರಡು ಕ್ಷಣಕ್ಕೆ ಗಂಟಲು ಹರಿದುಕೊಂಡು ಕಿರುಚಿ ನಿಲ್ಲಿಸುತ್ತಾರೆ. ನಮಗೆ ಬರುವುದಿಲ್ಲ ಅಂದುಕೊಂಡಿದ್ದೀರಾ, ತಗೊಳ್ಳಿ ಅಂದ ಹಾಗೆ. ಮೊದಲ ಸಲ ಸಿಟ್ಟು ಬಂತು. ಮೂರನೇ ಸಲ ನಗು ಬಂತು.

ಅದರ ಹಿಂದಿನ ಹಾಡು 'ಮದರ್ ಟಂಗ್'. ತಾಯ್ನುಡಿ. ಕಾಸರಗೋಡಿನ ಕನ್ನಡದವನಿಗೆ ಈ ಹೆಸರು ಕಂಡರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಹಾಡುಗಾರ ಆಲಿ ಸೈಕ್ಸ್‌ನ ಹೆಂಡತಿ ಬ್ರೆಜಿಲ್‌ನವಳು. ಪ್ರೀತಿ ಇದೆ ಅನ್ನುವುದನ್ನು ನನ್ನ ಭಾಷೆಯಲ್ಲಿ ಬೇಡ, ನಿನ್ನ ಭಾಷೆಯಲ್ಲೇ ಹೇಳು ಅನ್ನುವುದು ಹಾಡಿನ ತಿರುಳು. 'ಆಮೊ' ಅಂದರೆ ಪೋರ್ಚುಗೀಸಿನಲ್ಲಿ 'ನಾನು ಪ್ರೀತಿಸುತ್ತೇನೆ'. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಗೆಳೆಯರ ಹತ್ತಿರ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ, ಹೀಗೆ ದಿನಕ್ಕೆ ನಾಲ್ಕು ಸಲ ನಾಲಿಗೆ ಹೊರಳಿಸುವ ನಮಗೆ ಈ ಹಾಡು ತಾಗಿದಷ್ಟು ಶೆಫೀಲ್ಡ್‌ನವರಿಗೂ ತಾಗಲಿಕ್ಕಿಲ್ಲ. ಸಂಗೀತ ಏನೋ ಪಕ್ಕಾ ಪಾಪ್. ಪರವಾಗಿಲ್ಲ. ಕೊನೆಯ ಹಾಡು ಕ್ಯಾನ್ಸರಿನಿಂದ ತೀರಿಕೊಂಡ ಗೆಳೆಯನ ಬಗ್ಗೆ, ಪಿಟೀಲುಗಳು ಗಿಟಾರಿನ ಜೊತೆ ಏರುತ್ತಾ ಹೋಗುತ್ತವೆ. ಅದನ್ನು ಗಲಾಟೆಯಲ್ಲಿ ಕೇಳಬೇಡಿ.

ಗಲಾಟೆ ಅಂದೆನಲ್ಲ, ರೈಲಿಗೆ 'ಆಮೊ' ಆಗುವುದಿಲ್ಲ. ಶುರುವಿನ ಹಾಡು ಬರೀ ತೆಳ್ಳಗಿನ ಎಲೆಕ್ಟ್ರಾನಿಕ್ ದನಿ. ಕಿಟಕಿ ತೆಗೆದಿದ್ದು ಪಕ್ಕದ ಸೀಟಿನವರು ಫೋನಿನಲ್ಲಿ ಮದುವೆ ಮಾತುಕತೆ ನಡೆಸುತ್ತಿದ್ದರೆ ಕುಂಬಳೆ ದಾಟುವವರೆಗೂ ನಿಮಗೆ ಆಲ್ಬಂ ಶುರುವಾದದ್ದೇ ಗೊತ್ತಾಗುವುದಿಲ್ಲ. ರಾತ್ರಿ, ಮನೆಯಲ್ಲಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳುವ ಸರಕು ಇದು.

ಕೊನೆಗೆ ಉಳಿದದ್ದು ನನಗೆ ನಿಜವಾಗಿ ನೋವು ಕೊಟ್ಟದ್ದು. ಆರ್ಕಿಟೆಕ್ಟ್ಸ್.

ಇಂಗ್ಲೆಂಡಿನ ಬ್ರೈಟನ್‌ನ ಬ್ಯಾಂಡು. ಟಾಮ್ ಸರ್ಲ್ ಗಿಟಾರು, ಅವನ ಅವಳಿ ತಮ್ಮನೋ ಅಣ್ಣನೋ ಡ್ಯಾನ್ ಡ್ರಮ್ಸ್, ಸ್ಯಾಮ್ ಕಾರ್ಟರ್ ಹಾಡುವುದು. ಕಾರ್ಟರ್ ಬ್ರೇಕ್‌ಡೌನಿಗೆ ಮೊದಲು 'ಬ್ಲೆಹ್' ಅಂತ ಉಗುಳಿದ ಹಾಗೆ ಒಂದು ಶಬ್ದ ಮಾಡುತ್ತಾನೆ, ಜಗತ್ತಿನ ಮೆಟಲ್‌ಕೋರ್ ಹುಡುಗರೆಲ್ಲ ಅದನ್ನು ನಕಲು ಮಾಡಿದ್ದಾರೆ, ನಮ್ಮ ಮನೆಯಲ್ಲಿ ಅದನ್ನು ಕೇಳಿ ಅಜ್ಜಿ ಶುಂಠಿ ಕಷಾಯ ತಂದುಕೊಟ್ಟದ್ದೂ ಇದೆ. 2014ರ 'ಲಾಸ್ಟ್ ಫಾರೆವರ್ ಲಾಸ್ಟ್ ಟುಗೆದರ್', 2016ರ ಮೇ ತಿಂಗಳಿನ 'ಆಲ್ ಅವರ್ ಗಾಡ್ಸ್ ಹ್ಯಾವ್ ಅಬ್ಯಾಂಡನ್ಡ್ ಅಸ್', ಇವೆರಡಕ್ಕಿಂತ ಮೇಲಿನ ಮೆಟಲ್‌ಕೋರ್ ನಾನು ಕೇಳಿಲ್ಲ. ಎರಡನೆಯದು ಬಂದ ಮೂರು ತಿಂಗಳಿಗೆ, ಆಗಸ್ಟ್‌ನಲ್ಲಿ, ಟಾಮ್ ಕ್ಯಾನ್ಸರಿನಿಂದ ತೀರಿಕೊಂಡ. ಇಪ್ಪತ್ತೆಂಟು ವಯಸ್ಸು. ಹಾಡುಗಳನ್ನು ಮುಖ್ಯವಾಗಿ ಬರೆಯುತ್ತಿದ್ದವನೇ ಅವನು. ಉಳಿದವರು 2018ರಲ್ಲಿ 'ಹೋಲಿ ಹೆಲ್' ತಂದರು, ಆ ದುಃಖವನ್ನೇ ಹಿಂಡಿ ಮಾಡಿದ ಆಲ್ಬಂ. 2021ರದ್ದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಸ್ವಲ್ಪ ಮೆತ್ತಗಿತ್ತು, ಆದರೂ ನುಂಗಬಹುದಿತ್ತು.

2022ರ ಅಕ್ಟೋಬರಿನಲ್ಲಿ ಇದು ಬಂತು. ಆ ದಿನ ನನಗೆ ಸರಿಯಾಗಿ ನೆನಪಿದೆ. ಅಂಗಳದಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದ್ದ ಅಡಿಕೆಯನ್ನು ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ರಾಶಿ ಹಾಕಿ ಸುಲಿಯಲು ಕೂತಿದ್ದೆ. ಅಡಿಕೆ ಸುಲಿಯುವ ಕೆಲಸಕ್ಕೆ ಮೆಟಲ್‌ಕೋರ್‌ನಷ್ಟು ಸರಿಹೊಂದುವ ಸಂಗೀತ ಬೇರೆ ಇಲ್ಲ, ಬೇಕಿದ್ದರೆ ಪ್ರಯತ್ನಿಸಿ ನೋಡಿ. ಕತ್ತಿಗೆ ಅಡಿಕೆ ಒತ್ತಬೇಕು, ಸಿಪ್ಪೆ ಬಿಡಿಸಬೇಕು, ಅಡಿಕೆ ಬುಟ್ಟಿಗೆ, ಸಿಪ್ಪೆ ಆಚೆಗೆ. ಒತ್ತು, ಬಿಡಿಸು, ಎಸೆ. ಒಳ್ಳೆಯ ಹಾಡಾದರೆ ಕೈ ತನ್ನಷ್ಟಕ್ಕೆ ಅದರ ತಾಳಕ್ಕೆ ಬೀಳುತ್ತದೆ, ಬ್ರೇಕ್‌ಡೌನ್ ಬಂದಾಗ ಕೈ ನಿಂತೇ ಹೋಗುತ್ತದೆ, ಬೆರಳು ಉಳಿಯಬೇಕಲ್ಲ.

ಮೊದಲ ಹಾಡಿಗೆ ಕೈ ಓಡಿತು. ಎರಡನೆಯದು 'ಟಿಯರ್ ಗ್ಯಾಸ್', ಜರ್ಮನಿಯ ರಾಮ್‌ಸ್ಟೈನ್ ಬ್ಯಾಂಡಿನ ಹಾಗೆ ಬೂಟುಗಾಲಿನ ನಡಿಗೆ, ಅದೂ ಚೆನ್ನಾಗಿತ್ತು. ಆಮೇಲೆ ಏನಾಯಿತೋ. ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ದನಿ, ಬರುತ್ತದೆ, ಮೆಲ್ಲನೆ ಹಾಡುತ್ತಾನೆ, ದೊಡ್ಡ ಪಲ್ಲವಿ, ಮತ್ತೆ ಸಿಂಥ್. ಮುಂದಿನ ಹಾಡೂ ಹಾಗೆ. ಅದರ ಮುಂದಿನದೂ ಹಾಗೆ. ಒಂಬತ್ತನೇ ಹಾಡಿನ ಹೊತ್ತಿಗೆ ಒಂದು ಸಲವೂ ನನ್ನ ಕೈ ನಿಂತಿರಲಿಲ್ಲ, ಅಂದರೆ ನಿಲ್ಲಿಸುವಂಥದ್ದು ಏನೂ ಬಂದಿರಲಿಲ್ಲ. ಬುಟ್ಟಿ ತುಂಬಿತ್ತು, ಅಷ್ಟೇ ಲಾಭ. ಹನ್ನೊಂದನೆಯ ಹಾಡು 'ಬಿ ವೆರಿ ಅಫ್ರೈಡ್' ಬಂದಾಗ ಮಾತ್ರ ಕತ್ತಿ ಬದಿಗಿಟ್ಟೆ. ಅಲ್ಲಿ ಹಳೆಯ ಆರ್ಕಿಟೆಕ್ಟ್ಸ್ ಇತ್ತು. ಹಾಗಾದರೆ ಇವರಿಗೆ ಬರುತ್ತದೆ! ಬರುತ್ತಿದ್ದರೂ ಮಧ್ಯದ ಎಂಟು ಹಾಡು ಯಾಕೆ ಹೀಗೆ ಮಾಡಿದರು? ನನಗೆ ಆದ ಬೇಸರ ಇದು. 'ಆಮೊ'ದಲ್ಲಿ ಕಿರುಚಾಟ ಹೋದ ಜಾಗದಲ್ಲಿ ಹತ್ತು ಬಗೆಯ ಹೊಸ ಸಾಮಾನು ಬಂತು, ಕೆಲವು ಕೆಟ್ಟವು, ಆದರೂ ಬಂತು. ಇಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದ ಹಾಡುಗಳು ಬಂದವು.

ಇದನ್ನು ನಾನು ಕೇಳುವ ಮೊದಲೇ ಒಂದು ಆನ್‌ಲೈನ್ ಅಂಗಡಿಗೆ ದುಡ್ಡು ಕಟ್ಟಿ ಪ್ಲೇಟು (ವಿನೈಲ್ ರೆಕಾರ್ಡು) ಬುಕ್ ಮಾಡಿದ್ದೆ. ತಿಂಗಳು ಕಳೆದು ಬಂತು, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಗ್ಗಿ. ವಾಪಸ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಇದೊಂದು ಸಲಹೆ, ಕೇಳದೆ ಪ್ಲೇಟು ಕೊಳ್ಳಬೇಡಿ, ಅದರಲ್ಲೂ ನಮ್ಮ ಊರಿನ ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯುವುದನ್ನು ತಡೆಯಲು ಆಗುವುದಿಲ್ಲ. ಫೋನಿನಲ್ಲಿ ಎರಡು ಸಲ ಕೇಳಿ, ಮೂರನೇ ಸಲ ತಾನಾಗಿ ಕೇಳಬೇಕು ಅನ್ನಿಸಿದರೆ ಆಗ ದುಡ್ಡು ತೆಗೆಯಿರಿ.

ಒಂದು ತಮಾಷೆ ನೋಡಿ. ಬ್ರಿಂಗ್ ಮಿ ದ ಹೊರೈಜನ್ ಮೆತ್ತಗಾಗಲು ಜಾರ್ಡನ್ ಫಿಶ್ ಕಾರಣ ಎಂದು ಬೈದವರು ಲೆಕ್ಕವಿಲ್ಲದಷ್ಟು. ಅವನು 2023ರ ಕೊನೆಗೆ ಆ ಬ್ಯಾಂಡು ಬಿಟ್ಟ. 2025ರ ಫೆಬ್ರವರಿಯಲ್ಲಿ ಆರ್ಕಿಟೆಕ್ಟ್ಸ್‌ನ 'ದ ಸ್ಕೈ, ದ ಅರ್ತ್ ಅಂಡ್ ಆಲ್ ಬಿಟ್ವೀನ್' ಬಂತು, ಎಷ್ಟೋ ವರ್ಷದ ಮೇಲೆ ಮತ್ತೆ ಗಡಸಾಗಿ. ಅದರ ನಿರ್ಮಾಪಕ ಇದೇ ಜಾರ್ಡನ್ ಫಿಶ್. ಕೀಬೋರ್ಡಿಗೆ ಬೈದದ್ದೆಲ್ಲ ವೇಸ್ಟ್.

ಹಾಗಾದರೆ ಯಾವುದು? ಕಿರುಚಾಟ ಇಲ್ಲದಿದ್ದರೆ ಊಟವೇ ಸೇರುವುದಿಲ್ಲ ಅನ್ನುವವರು ನಾಲ್ಕನ್ನೂ ಬಿಟ್ಟು 'ಅಸೆಂಡೆನ್ಸಿ'ಯನ್ನೋ 2016ರ ಆರ್ಕಿಟೆಕ್ಟ್ಸ್ ಅನ್ನೋ ಹಾಕಿಕೊಳ್ಳಿ, ಸುಮ್ನೆ ಹೊಟ್ಟೆ ಉರಿಸಿಕೊಳ್ಳಬೇಡಿ. ಗಿಟಾರು ಕಲಿಯುತ್ತಿರುವವರಿಗೆ 'ದ ಕ್ರುಸೇಡ್', ಎರಡನೇ ಮಾತಿಲ್ಲ. ಮನೆಯವರಿಗೂ ಕೇಳಿಸಬೇಕು, "ಇದೆಂಥ ಕೂಗಾಟ ಮಾರಾಯ" ಅನ್ನಿಸಿಕೊಳ್ಳಬಾರದು ಅಂದರೆ 'ಆಮೊ', ಆದರೆ ಆ ಹನ್ನೆರಡನೆಯ ಹಾಡಿನ ಕೊನೆಯಲ್ಲಿ ವಾಲ್ಯೂಮಿನ ಮೇಲೆ ಕೈ ಇರಲಿ. ರೈಲಿನಲ್ಲಿ ಕೇಳಲು, ಬೇಸರವಾಗುತ್ತದೆ ನಿಜ, ಆರ್ಕಿಟೆಕ್ಟ್ಸ್‌ನದ್ದೇ ಸರಿ. ನಲವತ್ತು ನಿಮಿಷದ ಆಸುಪಾಸು, ಎಲ್ಲ ಒಂದೇ ಮಟ್ಟದಲ್ಲಿ ಜೋರು, ಗದ್ದಲದಲ್ಲೂ ಕೇಳುತ್ತದೆ, ಮಧ್ಯೆ ಉಪ್ಪಳದಲ್ಲಿ ಹತ್ತಿದ ಪರಿಚಯದವರ ಹತ್ತಿರ ಹತ್ತು ನಿಮಿಷ ಮಾತಾಡಿ ಮತ್ತೆ ಇಯರ್‌ಫೋನ್ ಹಾಕಿದರೂ ಏನೂ ತಪ್ಪಿಹೋಗಿರುವುದಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ನಾನು ಅದರಿಂದ ಎರಡು ಹಾಡು ಇಟ್ಟುಕೊಂಡಿದ್ದೇನೆ, ಎರಡನೆಯದು ಮತ್ತು ಕೊನೆಯದು, ಅಡಿಕೆ ಸುಲಿಯುವ ಪಟ್ಟಿಯಲ್ಲಿ. 'ಟೆಂಪರ್ ಟೆಂಪರ್' ಯಾರಿಗೆ ಅಂತ ಕೇಳಬೇಡಿ.

ಇಷ್ಟೆಲ್ಲ ತಮ್ಮನಿಗೆ ಕಳಿಸಿದೆ. ಅವ ಪೂರ್ತಿ ಓದಲಿಲ್ಲ ಅಂತ ಕಾಣುತ್ತದೆ. ಮರುದಿನ ಬೆಳಿಗ್ಗೆ ಮಂಜೇಶ್ವರ ದಾಟುವಾಗ ಮೆಸೇಜು ಬಂತು. "ಅಣ್ಣಾ, ಟ್ರಿವಿಯಂದು ಹಾಕಿದ್ದೇನೆ, ಪರವಾಗಿಲ್ಲ. ಆದ್ರೆ ಕಿರುಚೋದು ಯಾವಾಗ ಶುರು?"

"2008ರಲ್ಲಿ, 'ಶೋಗನ್' ಆಲ್ಬಂನಲ್ಲಿ" ಅಂತ ಉತ್ತರಿಸಿದೆ.